ಮನೆಮನೆಗೆ ಲಕ್ಷ್ಮಿಯನ್ನು ಕಳಿಸಿಕೊಟ್ಟ ರವಿವರ್ಮ

ಶ್ರಾವಣ ಬಂತೆಂದರೆ ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪು ಲಕ್ಷ್ಮಿಯಿಂದ ತುಂಬಿ ಹೋಗುತ್ತದೆ. ಒಬ್ಬರು ಕಲಶದ ಫೋಟೋ ಹಾಕಿದರೆ, ಇನ್ನೊಬ್ಬರು ಸೀರೆ ಉಡಿಸಿದ ಬಗೆಯನ್ನು ವಿಡಿಯೋ ಮಾಡುತ್ತಾರೆ, ಮತ್ತೊಬ್ಬರು ಬೆಳಗಿನ ಜಾವವೇ ಶುಭಾಶಯದ ಚಿತ್ರ ಕಳಿಸಿರುತ್ತಾರೆ. ಆ ಶುಭಾಶಯದ ಚಿತ್ರಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಬಣ್ಣ, ಹೊಳಪು ಬೇರೆಬೇರೆ ಇದ್ದರೂ ಒಳಗಿರುವವಳು ಒಬ್ಬಳೇ. ನೀರಿನ ನಡುವೆ ಕಮಲದ ಮೇಲೆ ನಿಂತ ದೇವಿ, ಜರಿಯಂಚಿನ ಸೀರೆ, ತುಂಬು ಮುಖ, ಮೇಲಿನ ಎರಡು ಕೈಗಳಲ್ಲಿ ಕಮಲ, ಕೆಳಗಿನ ಎರಡರಲ್ಲಿ ಅಭಯ ಮತ್ತು ವರ, ಪಕ್ಕದಲ್ಲಿ ಹಾರ ಎತ್ತಿ ಹಿಡಿದ ಆನೆ. ಅನಾದಿ ಕಾಲದಿಂದ ಇವಳು ಹೀಗೆಯೇ ಇದ್ದಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಈ ರೂಪಕ್ಕೆ ಈಗ ಸುಮಾರು 130 ವರ್ಷ ವಯಸ್ಸು, ಅಷ್ಟೇ. ಇದನ್ನು ಬರೆದವರು ಕೇರಳದ ರಾಜಾ ರವಿವರ್ಮ. ಮನೆಮನೆಗೆ ಹಂಚಿದ್ದು ನಮ್ಮ ಪುಣೆಯ ಮಗ್ಗುಲಿನ ಮಳವಲಿ. ಲೋಣಾವಳಾ ಲೋಕಲ್ ಹತ್ತಿದರೆ ಲೋಣಾವಳಕ್ಕೆ ಒಂದು ಸ್ಟೇಷನ್ ಮುಂಚೆ ಸಿಗುತ್ತದಲ್ಲ, ಕಾರ್ಲಾ ಗುಹೆಗೆ, ಏಕವೀರಾ ದೇವಿಗೆ ಹೋಗುವವರು ಇಳಿಯುವ ಅದೇ ಊರು.

ರವಿವರ್ಮರ ಕಥೆಗೆ ಹೋಗುವ ಮುನ್ನ, ಅವರಿಗಿಂತ ಮೊದಲು ಲಕ್ಷ್ಮಿ ಹೇಗಿದ್ದಳು ಎಂದು ಎರಡು ಮಾತು. ಋಗ್ವೇದದ ಖಿಲ ಭಾಗವಾದ ಶ್ರೀಸೂಕ್ತದಲ್ಲಿ ಅವಳು ಚಿನ್ನದ ಬಣ್ಣದವಳು, ಕಮಲದಲ್ಲಿ ಇರುವವಳು, ಆನೆಗಳ ಘೀಳಿನೊಂದಿಗೆ ಬರುವವಳು. ಎರಡು ಸಾವಿರ ವರ್ಷಗಳ ಹಿಂದಿನ ಭರ್ಹುತ್, ಸಾಂಚಿಯ ಕಲ್ಲುಗಳಲ್ಲಿ ಎರಡು ಆನೆಗಳು ಎರಡೂ ಕಡೆಯಿಂದ ಕೊಡ ಎತ್ತಿ ಅವಳಿಗೆ ನೀರೆರೆಯುತ್ತಿವೆ. ಆನೆ ಎಂದರೆ ಮಳೆಮೋಡ, ನೀರೆರೆಯುವುದೆಂದರೆ ಮಳೆ, ಪಟ್ಟಾಭಿಷೇಕವೂ ಹೌದು. ಅದೇ ಗಜಲಕ್ಷ್ಮಿ ನಮ್ಮೂರುಗಳ ಗುಡಿಯ ಬಾಗಿಲ ಮೇಲೆ, ಹಳೆಯ ತೊಟ್ಟಿಮನೆಗಳ ಬಾಗಿಲವಾಡದ ಮೇಲೆ ಕೂತಿದ್ದಾಳೆ. ಅಲ್ಲಿ ಅವಳ ಮುಖಲಕ್ಷಣ ಯಾರೂ ನೋಡುವುದಿಲ್ಲ. ಅರಿಸಿನ ಕುಂಕುಮ ಹಚ್ಚಿ ಹಚ್ಚಿ ಮೂಗು ಕಣ್ಣು ಸವೆದಿರುತ್ತವೆ. ವರಮಹಾಲಕ್ಷ್ಮಿ ವ್ರತದಲ್ಲಂತೂ ದೇವಿ ಎಂದರೆ ಕಲಶ. ನೀರು, ಅಕ್ಕಿ, ಮಾವಿನೆಲೆ, ಮೇಲೊಂದು ತೆಂಗಿನಕಾಯಿ. ಅಂಗಡಿಯಿಂದ ಬೆಳ್ಳಿ ಮುಖವಾಡ ತಂದು ಕಟ್ಟುವುದು ಎಲ್ಲರ ಮನೆಯಲ್ಲೂ ಇರಲಿಲ್ಲ. ನನ್ನ ಅಜ್ಜಿ ತೆಂಗಿನಕಾಯಿಗೆ ಅರಿಸಿನ ಬಳಿದು, ಕಾಡಿಗೆಯಲ್ಲಿ ಎರಡು ಕಣ್ಣು ಬರೆದು, ಕುಂಕುಮ ಇಟ್ಟರೆ ಮುಗಿಯಿತು. ಮುಖ ಇಷ್ಟೇ ಸಾಕಿತ್ತು.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ. ತಾಯಿ ಉಮಾಂಬಾ ಕವಯಿತ್ರಿ. 'ಪಾರ್ವತೀ ಸ್ವಯಂವರಂ' ಎಂಬ ಕೃತಿ ರಚಿಸಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಅಚ್ಚು ಹಾಕಿಸಿದ್ದು ಮಗ. ಸೋದರಮಾವ ರಾಜರಾಜ ವರ್ಮ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದರು. ಹುಡುಗ ಇದ್ದಿಲು ಹಿಡಿದು ಗೋಡೆ ತುಂಬ ಗೀಚುತ್ತಿದ್ದುದನ್ನು ಕಂಡು ಗದರಿಸದೆ, ಕೂರಿಸಿಕೊಂಡು ಕಲಿಸಿದರು. 1862ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಇವನನ್ನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳರ ಮುಂದೆ ನಿಲ್ಲಿಸಿದರು. ಮಹಾರಾಜರಿಗೆ ಹುಡುಗ ಹಿಡಿಸಿದ, ಅರಮನೆಯಲ್ಲೇ ಉಳಿದ.

ಈ ಮನೆಯಲ್ಲಿ ಇನ್ನೊಬ್ಬರು ಚಿತ್ರ ಬರೆಯುವವರಿದ್ದರು: ತಂಗಿ ಮಂಗಳಾಬಾಯಿ. ಒಳ್ಳೆಯ ಕೈ. ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾರೆ. ಆದರೆ ಅಣ್ಣತಮ್ಮಂದಿರು ಬರೋಡಾ, ಮುಂಬಯಿ, ಮೈಸೂರು ಎಂದು ಊರೂರು ತಿರುಗಿದಾಗ ಆಕೆ ಕೇರಳದಲ್ಲೇ ಉಳಿದರು. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಆಗ ತೈಲವರ್ಣ ನಮ್ಮ ದೇಶಕ್ಕೆ ಹೊಸದು. ಆಸ್ಥಾನದಲ್ಲಿ ಅದು ಗೊತ್ತಿದ್ದವರು ಮಧುರೆಯ ರಾಮಸ್ವಾಮಿ ನಾಯ್ಕರ್. ಅವರು ಹುಡುಗನಿಗೆ ಹೇಳಿಕೊಡಲು ಒಪ್ಪಲಿಲ್ಲ. (ಹೊಸಬರಿಗೆ ಕೆಲಸ ಹೇಳಿಕೊಡದೆ ತಾನೊಬ್ಬನೇ ಗಟ್ಟಿಯಾಗಿ ಹಿಡಿದುಕೊಂಡು ಕೂರುವ ಸೀನಿಯರ್ ಪ್ರತಿ ಆಫೀಸಿನಲ್ಲೂ ಇರುತ್ತಾರೆ, ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ.) ಅವರ ಶಿಷ್ಯ ಆರುಮುಗಂ ಪಿಳ್ಳೈ ಮಾತ್ರ ರಾತ್ರಿ ಗುಟ್ಟಾಗಿ ಬಂದು ತಿಳಿದಷ್ಟು ಕಲಿಸಿದರು. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಅರಮನೆಗೆ ಬಂದರು. ಅವರೂ ಕಲಿಸಲಿಲ್ಲ, ಪಕ್ಕದಲ್ಲಿ ನಿಂತು ನೋಡಲು ಬಿಟ್ಟರು. ಬಣ್ಣ ಹೇಗೆ ಕಲಸುತ್ತಾರೆ, ಒಣಗುವ ಮುನ್ನ ಎರಡು ಬಣ್ಣವನ್ನು ಹೇಗೆ ಬೆರೆಸುತ್ತಾರೆ, ಎಲ್ಲವನ್ನೂ ರವಿವರ್ಮರು ನೋಡಿ ನೋಡಿಯೇ ಕಲಿತರು.

ಹದಿನೆಂಟಕ್ಕೆ ಮದುವೆ. ಮಾವೇಲಿಕ್ಕರದ ಭಾಗೀರಥಿಬಾಯಿಗೆ ಆಗ ಹನ್ನೆರಡು. ಮಾತೃಮೂಲದ ಕುಟುಂಬ, ಹೆಂಡತಿ ತವರಿನಲ್ಲೇ ಇರುವುದು ಅಲ್ಲಿನ ರೂಢಿ. ಜೊತೆಗೆ ಗಂಡನಿಗೆ ಕಾಲಿಗೆ ಚಕ್ರ. ಮಕ್ಕಳನ್ನು ಬೆಳೆಸಿದ್ದು ಭಾಗೀರಥಿ. ಚಿಕ್ಕ ವಯಸ್ಸಿನಲ್ಲೇ ಆಕೆ ತೀರಿಕೊಂಡರು. ರವಿವರ್ಮರು ಮತ್ತೆ ಮದುವೆಯಾಗಲಿಲ್ಲ. 1893ರಲ್ಲಿ ಬರೆದ 'ಅಗೋ ಅಪ್ಪ ಬಂದ' ಎಂಬರ್ಥದ ಹೆಸರಿನ ಚಿತ್ರದಲ್ಲಿ, ಮಗಳು ಮಹಾಪ್ರಭಾ ಮಗುವನ್ನು ಎತ್ತಿಕೊಂಡು ಯಾರದೋ ಬರವನ್ನು ತೋರಿಸುತ್ತಿದ್ದಾಳೆ. ಬರುತ್ತಿರುವ ಅಪ್ಪ ಚಿತ್ರದಲ್ಲಿಲ್ಲ. ವರ್ಷಕ್ಕೊಮ್ಮೆ ಮನೆ ಮುಟ್ಟುತ್ತಿದ್ದ ಒಬ್ಬ ಅಪ್ಪ ಬರೆದ ಚಿತ್ರ ಅದು ಎಂದು ನೆನೆದರೆ ನನಗೆ ಬೇರೆಯೇ ಅರ್ಥ ಹೊಳೆಯುತ್ತದೆ.

ನಮ್ಮ ನಾಡಿನ ನಂಟು ಶುರುವಾಗುವುದು ಕೊಲ್ಲೂರಿನಿಂದ. 1870ರಲ್ಲಿ, ಚಿತ್ರ ಬರೆದೇ ಬದುಕಬೇಕೆಂದು ನಿರ್ಧರಿಸುವ ಮುನ್ನ, ರವಿವರ್ಮರು ಮೂಕಾಂಬಿಕೆಯ ಸನ್ನಿಧಿಗೆ ಬಂದರು. ನಲವತ್ತೊಂದು ದಿನ ವ್ರತ ಹಿಡಿದರು ಎಂದು ಹೇಳುತ್ತಾರೆ. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ಕಿಳಕ್ಕೆ ಪಾಲಾಟ್ಟ್ ಕೃಷ್ಣ ಮೆನನ್ ಕುಟುಂಬದ ಚಿತ್ರ ಬರೆಯುವ ಕೆಲಸ ಸಿಕ್ಕಿತು, ಹಣ ಪಡೆದು ಬರೆದ ಮೊದಲ ಚಿತ್ರ ಅದು. ಕೇರಳದವರಿಗೆ ಇಂದಿಗೂ ಕೊಲ್ಲೂರೆಂದರೆ ಮಕ್ಕಳ ಅಕ್ಷರಾಭ್ಯಾಸದ ಜಾಗ. ಮೂಕಾಂಬಿಕೆಯಲ್ಲಿ ಕಾಳಿ, ಲಕ್ಷ್ಮಿ, ಸರಸ್ವತಿ ಮೂವರೂ ಇದ್ದಾರೆಂಬ ನಂಬಿಕೆ ಇದೆ, ಅಲ್ಲಿ ಮೂಲ ಪೂಜೆ ಸಲ್ಲುವುದು ಜ್ಯೋತಿರ್ಲಿಂಗಕ್ಕೆ. ಮುಂದೆ ದೇಶಕ್ಕೆಲ್ಲ ಲಕ್ಷ್ಮಿ ಸರಸ್ವತಿಯರ ಮುಖ ಕೊಡಬೇಕಾದವರು ಮುಖವಿಲ್ಲದ ಒಂದು ಲಿಂಗದ ಮುಂದೆ ಕೈಮುಗಿದು ಕೆಲಸ ಶುರು ಮಾಡಿದ್ದರು.

1873ರಲ್ಲಿ ಮಲ್ಲಿಗೆ ಮುಡಿಯುವ ನಾಯರ್ ಹೆಣ್ಣಿನ ಚಿತ್ರಕ್ಕೆ ಮದ್ರಾಸಿನಲ್ಲಿ ಚಿನ್ನದ ಪದಕ, ಮುಂದೆ ವಿಯೆನ್ನಾದಲ್ಲೂ ಪುರಸ್ಕಾರ. ಅಲ್ಲಿಂದ ಹೆಸರು ಹಬ್ಬಿತು. 1893ರ ಷಿಕಾಗೊ ಪ್ರದರ್ಶನಕ್ಕೂ ಹತ್ತು ಚಿತ್ರ ಹೋಗಿ ಪದಕ ತಂದವು. ಚಿತ್ರಗಳು ಸಮುದ್ರ ದಾಟಿದವು, ಬರೆದವರು ದಾಟಲಿಲ್ಲ.

1881ರಲ್ಲಿ ಬರೋಡಾಕ್ಕೆ ಕರೆ ಬಂತು. ಅಲ್ಲಿ ದಿವಾನರಾಗಿದ್ದವರು ಹಿಂದೆ ತಿರುವಾಂಕೂರಿನಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾವ್. ಮುಂದೆ 1888ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ರಾಮಾಯಣ, ಮಹಾಭಾರತ, ಪುರಾಣಗಳ ಹದಿನಾಲ್ಕು ಚಿತ್ರ ಬರೆದುಕೊಡಿ ಎಂದರು. ಆಗ ಎದ್ದ ಪ್ರಶ್ನೆಯೇ ದೊಡ್ಡದು. ಸೀತೆ, ದಮಯಂತಿ, ದೇವಿಯರು ಏನು ಉಟ್ಟಿರಬೇಕು? ಕೇರಳದ ಮುಂಡೋ, ಬಂಗಾಳದ ಸೀರೆಯೋ, ಉತ್ತರದ ಘಾಗ್ರಾವೋ? ಎಲ್ಲ ಊರಿನವರೂ ನಮ್ಮವಳು ಎನ್ನಬೇಕಲ್ಲ! ತಮ್ಮ ರಾಜರಾಜ ವರ್ಮರನ್ನು ಕರೆದುಕೊಂಡು ಉತ್ತರ ಭಾರತವನ್ನೆಲ್ಲ ಸುತ್ತಿ ಹೆಂಗಸರ ಉಡುಗೆ ತೊಡುಗೆ ನೋಡಿ ಬಂದರು. ಆಮೇಲೆ ಆರಿಸಿಕೊಂಡದ್ದು ಸೀರೆ, ರವಿಕೆ. ಇವತ್ತು ಅದು ಸಹಜ ಎನ್ನಿಸುತ್ತದೆ. ಆದರೆ ರವಿವರ್ಮರು ಬೆಳೆದ ತಿರುವಾಂಕೂರನ್ನು ನೆನೆಯಿರಿ. ಅಲ್ಲಿ ಕೆಳಗಿನವರೆಂದು ಕರೆಸಿಕೊಂಡ ಜಾತಿಗಳ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ನಾಡಾರ್ ಹೆಂಗಸರಿಗೆ ಅದು ರಾಜಾಜ್ಞೆಯಾಗಿ ಸಿಕ್ಕಿದ್ದು 1859ರಲ್ಲಿ, ರವಿವರ್ಮರಿಗೆ ಹನ್ನೊಂದು ವರ್ಷವಾಗಿದ್ದಾಗ. ಯಾರು ಏನು ಉಡಬಹುದು ಎಂಬುದು ಹೊಡೆದಾಟದ ವಿಷಯವಾಗಿದ್ದ ನಾಡಿನಿಂದ ಬಂದವರು ಎಲ್ಲ ದೇವಿಯರಿಗೂ ಮೈತುಂಬ ಸೀರೆ ಉಡಿಸಿದರು.

ಅರಮನೆಗೆ ಬರೆದ ಚಿತ್ರ ಅರಮನೆಯಲ್ಲೇ ಉಳಿಯುತ್ತದೆ. ಇಷ್ಟು ಜನ ಕೇಳುತ್ತಾರೆ, ಎಲ್ಲರಿಗೂ ಕೈಯಲ್ಲಿ ಬರೆದುಕೊಡಲು ಆಗುವುದಿಲ್ಲ, ಯುರೋಪಿನಲ್ಲಿ ಬಣ್ಣದ ಅಚ್ಚು ಹಾಕಿಸಿ ಎಂದು ಮಾಧವರಾಯರು 1884ರಲ್ಲೇ ಪತ್ರ ಬರೆದು ಸಲಹೆ ಕೊಟ್ಟಿದ್ದರು. ರವಿವರ್ಮರು ಹತ್ತು ವರ್ಷದ ನಂತರ ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರು. 1894ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ತಮ್ಮದೇ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಯಂತ್ರ ಜರ್ಮನಿಯದು, ಕುಶಲಿಗಳು ಜರ್ಮನರು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಬೆನ್ನಿಗೇ ಲಕ್ಷ್ಮಿ, ಸರಸ್ವತಿ.

ಕಲ್ಲಚ್ಚಿನ ಕೆಲಸ ಓದಿದಾಗ ನನ್ನೊಳಗಿನ ಇಂಜಿನಿಯರ್‌ಗೆ ಖುಷಿಯಾಯಿತು, ಹೇಳದೆ ಬಿಡಲಾರೆ. ನುಣುಪಾದ ಸುಣ್ಣದಕಲ್ಲಿನ ಹಾಸಿನ ಮೇಲೆ ಜಿಡ್ಡಿನ ಬಣ್ಣದಲ್ಲಿ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆಮಸಿಯ ರೋಲರ್ ಉರುಳಿಸಿದರೆ, ನೀರಿದ್ದ ಕಡೆ ಮಸಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಮಾತ್ರ ಹತ್ತುತ್ತದೆ. ಕಾಗದ ಒತ್ತಿದರೆ ಚಿತ್ರ ರೆಡಿ. ಆದರೆ ಇದು ಒಂದು ಬಣ್ಣಕ್ಕಾಯಿತು. ಲಕ್ಷ್ಮಿಯ ಕೆನ್ನೆಯ ಕೆಂಪಿಗೊಂದು ಕಲ್ಲು, ಸೀರೆಗೊಂದು, ಒಡವೆಯ ಹಳದಿಗೊಂದು, ನೀರಿನ ನೀಲಿಗೊಂದು. ನಾವು ಈಗ ಕಂಪ್ಯೂಟರಿನಲ್ಲಿ ಲೇಯರ್ ಎನ್ನುತ್ತೇವಲ್ಲ, ಅಂದು ಒಂದೊಂದು ಲೇಯರೂ ಎತ್ತಲಾರದಷ್ಟು ಭಾರದ ಬಂಡೆ. ಅದೇ ಕಾಗದ ಮತ್ತೆ ಮತ್ತೆ ಕಲ್ಲಿನಿಂದ ಕಲ್ಲಿಗೆ ಹೋಗಬೇಕು, ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿ ಗಲ್ಲಕ್ಕೆ ಬಂದು ಕೂರುತ್ತದೆ. ಮೂಲಚಿತ್ರದ ನಯವಾದ ನೆರಳು ಬೆಳಕನ್ನೆಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಇಡಬೇಕು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಕಲ್ಲಿನ ಮೇಲೆ ಎಲ್ಲವೂ ತಿರುಗುಮುರುಗು. ಅಭಯ ಹಸ್ತ ಬಲಗೈಯೇ ಆಗಬೇಕಾದರೆ ಕಲ್ಲಿನಲ್ಲಿ ಅದು ಎಡಕ್ಕಿರಬೇಕು. ಈ ಚುಕ್ಕೆ ಇಟ್ಟವರ ಹೆಸರು ಪಟದ ಮೇಲೆ ಇಲ್ಲ.

ಈ ಲಕ್ಷ್ಮಿಯಲ್ಲಿ ರವಿವರ್ಮರು ಏನು ಉಳಿಸಿದರು, ಏನು ಬದಲಿಸಿದರು ನೋಡಿ. ಕಮಲ ಹಾಗೇ ಇದೆ: ಕೆಸರಿನಲ್ಲಿ ಹುಟ್ಟಿ ಕೆಸರು ಅಂಟಿಸಿಕೊಳ್ಳದ ಹೂವು. ನಾಲ್ಕು ಕೈ, ಅಭಯ, ವರ ಇವೆ. ಎರಡು ಆನೆಯ ಅಭಿಷೇಕ ಹೋಗಿ ಹಾರ ಹಿಡಿದ ಆನೆ ಬಂತು. ಇಂದಿನ ಪಟಗಳ ನಾಣ್ಯದ ಮಳೆಗಿಂತ ಅಲ್ಲಿ ಹೂವು ನೀರುಗಳೇ ಕಣ್ಣಿಗೆ ಬೀಳುತ್ತವೆ. ಹಿಂದೆ ನಿಜವಾದ ಕೊಳ, ನಿಜವಾದ ಆಕಾಶ. ಮತ್ತು ದೇವಿ ನಿಂತಿದ್ದಾಳೆ. ನಮ್ಮ ಕಡೆ ಹಿರಿಯರು ನಿಂತ ಲಕ್ಷ್ಮಿಯ ಪಟ ಮನೆಗೆ ತರಬೇಡಿ, ಅವಳು ಚಂಚಲೆ, ಹೊರಟುಬಿಡುತ್ತಾಳೆ, ಕೂತ ಲಕ್ಷ್ಮಿಯನ್ನೇ ತನ್ನಿ ಎನ್ನುತ್ತಾರೆ. ಆದರೂ ನಿಂತ ಈ ಲಕ್ಷ್ಮಿ ಎಷ್ಟು ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಉಳಿದಿದ್ದಾಳೆ! ಸರಸ್ವತಿಯೋ, ನೀರಿನ ದಡದ ಬಂಡೆಯ ಮೇಲೆ ಬಿಳಿ ಸೀರೆಯಲ್ಲಿ ಕೂತು ವೀಣೆ ನುಡಿಸುತ್ತಾಳೆ, ಪಕ್ಕದಲ್ಲಿ ನವಿಲು.

ಆ ಕಾಲದ ಹೆಂಗಸರಿಗೆ ಇದು ದೊಡ್ಡ ವಿಷಯವಾಗಿತ್ತು. ಗುಡಿಯಲ್ಲಿ ದೇವಿಗೆ ಅಲಂಕಾರ ಮಾಡುವವರು ಅರ್ಚಕರು, ನಾವು ಹೊರಗೆ ನಿಂತು ಒಂದು ಕ್ಷಣ ನೋಡುವವರು. ಪಟ ಮನೆಗೆ ಬಂತು, ಅಡುಗೆಮನೆಯ ಪಕ್ಕದ ಗೂಡಿನಲ್ಲಿ ಕೂತಿತು. ಎಷ್ಟೋ ಮನೆಗಳಲ್ಲಿ ಹೆಂಗಸರು ಆ ಅಚ್ಚಿನ ಚಿತ್ರದ ಮೇಲೆ ಜರತಾರಿ, ಚಮಕಿ, ಮಣಿ, ಬಟ್ಟೆಯ ತುಣುಕು ಅಂಟಿಸಿ ದೇವಿಗೆ ತಾವೇ ಸೀರೆ ಉಡಿಸಿ, ಒಡವೆ ತೊಡಿಸಿ ಕಟ್ಟು ಹಾಕಿಸಿದರು. ಹಾಗೆ ಶೃಂಗರಿಸಿದ ಪಟಗಳನ್ನು ಸಂಗ್ರಹಕಾರರು ಇಂದು ಹುಡುಕಿ ಕೊಳ್ಳುತ್ತಾರೆ. ಇನ್ನು ಗುಡಿಯ ಹೊಸ್ತಿಲನ್ನೇ ದಾಟಗೊಡದ ಜನ. ರವಿವರ್ಮರ ಊರಿನಲ್ಲಿ ಅವರು ಗುಡಿಯ ಸುತ್ತಿನ ರಸ್ತೆಯಲ್ಲೂ ನಡೆಯುವಂತಿರಲಿಲ್ಲ. ಅಚ್ಚಾದ ಪಟಕ್ಕೆ ಗರ್ಭಗುಡಿ ಇಲ್ಲ. ಕೊಂಡವರ ಮನೆಯೇ ಗುಡಿ, ಅವರೇ ಪೂಜಾರಿ.

ವ್ಯಾಪಾರ ಮಾತ್ರ ರವಿವರ್ಮರ ಕೈ ಹಿಡಿಯಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಕೆಲಸಗಾರರು ಊರು ಬಿಟ್ಟರು. ಕೊನೆಗೆ 1899ರ ಹೊತ್ತಿಗೆ ಮುದ್ರಣಾಲಯ ಮಳವಲಿಗೆ ಬಂತು. ಸಾಲ ಬೆಳೆಯಿತು, ಪಾಲುದಾರರೊಂದಿಗೆ ಹೊಂದಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಅದನ್ನು ತಮ್ಮಲ್ಲೇ ಕೆಲಸ ಮಾಡುತ್ತಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್‌ಗೆ, ಹಲವು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕಿನ ಸಮೇತ ಮಾರಿದರು. ಮುಂದಿನ ದಶಕಗಳ ಲಕ್ಷ್ಮಿ ಪಟಗಳ ಲಾಭ ಬರೆದವರ ಮನೆಗೆ ಹೋಗಲಿಲ್ಲ. ಅಂದಹಾಗೆ, ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ್ ಫಾಲ್ಕೆ ತರುಣರಾಗಿದ್ದಾಗ ಕೆಲಸ ಮಾಡಿದ್ದು ಇದೇ ಮುದ್ರಣಾಲಯದಲ್ಲಿ.

ಟೀಕೆಯೂ ಬಂತು. ಹ್ಯಾವೆಲ್, ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಮುಂತಾದವರಿಗೆ ಇವು ಯುರೋಪಿನ ಅನುಕರಣೆಯಂತೆ, ನಾಟಕದ ದೃಶ್ಯದಂತೆ ಕಂಡವು. ದೇವಿಯ ದೈವತ್ವವೇ ಇಲ್ಲಿಲ್ಲ, ಚೆಂದದ ಹೆಂಗಸು ಮಾತ್ರ ಇದ್ದಾಳೆ ಎಂಬುದು ಅವರ ದೂರು. ನನಗೆ ಈ ದೂರು ಪೂರ್ತಿ ಒಪ್ಪಿಗೆಯಿಲ್ಲ. ದೇವಿ ಮನೆಯ ಹೆಂಗಸಿನಂತೆ ಕಂಡದ್ದಕ್ಕೇ ಅಲ್ಲವೆ ಮನೆಯ ಹೆಂಗಸರು ಅವಳ ಜೊತೆ ಅಷ್ಟು ಸಲಿಗೆಯಿಂದ ಮಾತಾಡಿದ್ದು? ನನ್ನ ದೂರು ಬೇರೆ. ಒಂದು ಮುಖ ಇಷ್ಟು ಗೆದ್ದದ್ದರಿಂದ ಉಳಿದ ಮುಖಗಳು ಮರೆಯಾದವು. ನಮ್ಮ ಕುಟುಂಬಗಳಲ್ಲಿ ಬೆಳ್ಳಗಿನ ಮಗು ಹುಟ್ಟಿದರೆ ಲಕ್ಷ್ಮಿ ಹಾಗಿದ್ದಾಳೆ ಎನ್ನುತ್ತೇವೆ, ಕಪ್ಪಗಿನ ಮಗುವಿಗೆ ಹಾಗೆ ಅನ್ನುವುದು ಕಡಿಮೆ. ಅದೇ ಬಾಯಲ್ಲಿ ಕೊಲ್ಹಾಪುರಕ್ಕೆ ಹೋಗಿ ಮಹಾಲಕ್ಷ್ಮಿಯ ಮುಂದೆ ನಿಲ್ಲುತ್ತೇವೆ. ಅಲ್ಲಿನ ಅಂಬಾಬಾಯಿ ಕಪ್ಪು ಕಲ್ಲಿನವಳು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಕುಲದೇವಿ. ಈ ವಿಷಯದಲ್ಲಿ ತಪ್ಪು ರವಿವರ್ಮರದೊಬ್ಬರದೇ ಎನ್ನಲಾರೆ. ಅವರು ಬರೆದದ್ದನ್ನೇ ಇನ್ನಷ್ಟು ಬೆಳ್ಳಗೆ ಮಾಡುತ್ತಾ ಹೋದವರು ಆಮೇಲಿನ ಕ್ಯಾಲೆಂಡರಿನವರು, ಅದನ್ನು ಕೊಂಡವರು ನಾವು.

ಮೈಸೂರಿನ ಅರಮನೆಯೊಂದಿಗೆ ರವಿವರ್ಮರ ನಂಟು 1885ರಿಂದ, ಚಾಮರಾಜ ಒಡೆಯರ ಕಾಲದ್ದು. ಕೊನೆಯ ದೊಡ್ಡ ಕೆಲಸವೂ ಮೈಸೂರಿನದೇ, ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣ ಚಿತ್ರಗಳು. ಆ ಕೆಲಸದ ನಡುವೆ, 1905ರ ಜನವರಿಯಲ್ಲಿ ತಮ್ಮ ರಾಜರಾಜ ವರ್ಮ ತೀರಿಕೊಂಡರು. ಊರೂರು ಜೊತೆಗೆ ತಿರುಗಿ, ಚಿತ್ರಗಳ ಹಿನ್ನೆಲೆಯ ಬೆಟ್ಟ ನೀರು ಬರೆದು, ಇಂಗ್ಲಿಷ್ ಪತ್ರ ವ್ಯವಹಾರ ನೋಡಿಕೊಂಡು, ದಿನಚರಿ ಬರೆದಿಟ್ಟ ತಮ್ಮ. ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಆಮೇಲೆ ರವಿವರ್ಮರು ಚೇತರಿಸಿಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯೂ ಹಿಂಡಿತ್ತು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲೇ ಕಣ್ಣು ಮುಚ್ಚಿದರು.

ಅವರ ಮನೆಯ ಹೆಣ್ಣುಮಕ್ಕಳ ಕಥೆ ಇನ್ನೂ ಇದೆ. ತಿರುವಾಂಕೂರು ರಾಜಮನೆತನದಲ್ಲಿ ವಂಶ ಮುಂದುವರಿಯುವುದು ಹೆಣ್ಣಿನ ಕಡೆಯಿಂದ. ಅಲ್ಲಿ ಹೆಣ್ಣು ಸಂತಾನವಿಲ್ಲದಾಗ, 1900ರಲ್ಲಿ ರವಿವರ್ಮರ ಇಬ್ಬರು ಮೊಮ್ಮಕ್ಕಳನ್ನು, ಇಬ್ಬರು ಹೆಣ್ಣುಮಕ್ಕಳ ಮಕ್ಕಳಾದ ಸೇತು ಲಕ್ಷ್ಮೀಬಾಯಿ ಮತ್ತು ಸೇತು ಪಾರ್ವತೀಬಾಯಿಯನ್ನು ದತ್ತು ತೆಗೆದುಕೊಂಡರು. ಸೇತು ಲಕ್ಷ್ಮೀಬಾಯಿ 1924ರಿಂದ 1931ರವರೆಗೆ ರಾಜ್ಯ ನಡೆಸಿದರು. ವೈಕಂ ಸತ್ಯಾಗ್ರಹದ ನಂತರ ಗುಡಿಯ ಮೂರು ಕಡೆಯ ರಸ್ತೆಗಳು ಎಲ್ಲರಿಗೂ ತೆರೆದದ್ದು ಅವರ ಕಾಲದಲ್ಲಿ. ಅವರು ಕಡೆಯ ದಿನಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, 1985ರಲ್ಲಿ ಅಲ್ಲೇ ತೀರಿಕೊಂಡರು. ಸೇತು ಪಾರ್ವತೀಬಾಯಿಯ ಮಗ ಚಿತ್ತಿರ ತಿರುನಾಳ್, ಅಂದರೆ ರವಿವರ್ಮರ ಮರಿಮಗ, 1936ರ ನವೆಂಬರ್ 12ರಂದು ಸಂಸ್ಥಾನದ ದೇವಾಲಯಗಳಿಗೆ ಹಿಂದೂಗಳೆಲ್ಲರಿಗೂ ಪ್ರವೇಶ ಕೊಟ್ಟು ಆಜ್ಞೆ ಹೊರಡಿಸಿದರು. ಮುತ್ತಾತನ ಲಕ್ಷ್ಮಿ ಎಲ್ಲರ ಮನೆಗೆ ಹೋಗತೊಡಗಿ ಆಗ ನಲವತ್ತು ವರ್ಷ ದಾಟಿತ್ತು.

ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಮೂಲ ತೈಲಚಿತ್ರಗಳನ್ನು ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ಅಲ್ಲಿ ಹಲವು ಇವೆ. ಅಚ್ಚಿನ ಪಟಗಳು ಮಾತ್ರ ನಿಮ್ಮ ಊರಿನ ಮನೆಯಲ್ಲೇ ಇರಬಹುದು. ದಸರಾ ರಜೆಗೆ ಹೋದಾಗ ಅಟ್ಟದ ಮೇಲಿನ, ದೇವರಮನೆ ಮೂಲೆಯ ಹಳೆಯ ಪಟ ಇಳಿಸಿ, ಧೂಳು ಒರೆಸಿ ಕೆಳಗಿನ ಅಂಚು ನೋಡಿ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮ ಪ್ರೆಸ್ ಎಂದಿದ್ದರೆ ಕಟ್ಟು ಬಿಚ್ಚಲು, ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಕಾಗದ ನೂರು ವರ್ಷದ್ದಿರಬಹುದು. ಭೂತಗನ್ನಡಿ ಹಿಡಿದರೆ ಲಕ್ಷ್ಮಿಯ ಕೆನ್ನೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ಕಾಣುತ್ತವೆ. ಮಕ್ಕಳನ್ನು ಕರೆದು ಅವರ ಕೈಗೂ ಒಮ್ಮೆ ಭೂತಗನ್ನಡಿ ಕೊಡಿ.